ಮೋಡದ ಸಂದಿಯಲ್ಲಿ ಕಂಡ ಕೃತ್ತಿಕೆ

ಪ್ರತಿ ವರ್ಷ ಡಿಸೆಂಬರ್ 13, 14ರ ರಾತ್ರಿ ಜೆಮಿನಿಡ್ ಉಲ್ಕಾವೃಷ್ಟಿ ಜೋರಾಗಿರುತ್ತೆ. ಅದನ್ನ ನೋಡೋಕೆ ನಾನು, ಅಪ್ಪ ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಗೆ ಹೋಗಿದ್ವಿ. ಬೈನಾಕ್ಯುಲರ್‌ಗೆ ದುಡ್ಡು ಕೊಟ್ಟಿದ್ದು ಅಪ್ಪನೇ. "ಅದರಲ್ಲಿ ಅಂಥದ್ದೇನು ಕಾಣುತ್ತೋ ನೋಡೇಬಿಡ್ತೀನಿ" ಅಂತ ಬಂದಿದ್ರು.

ಬೆಟ್ಟದ ಬುಡದಲ್ಲಿ ಕಂಬಳಿ ಹಾಸಿ ಕೂತ್ರೆ, ಆಕಾಶದ ತುಂಬ ಮೋಡ! ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದ್ರೆ ಡಿಸೆಂಬರ್‌ನಲ್ಲೂ ನಮ್ಮ ಕಡೆ ಹೀಗಾಗುತ್ತೆ. ಎರಡು ಗಂಟೆ ಕಾದ್ವಿ. ಒಂದು ಉಲ್ಕೆನೂ ಇಲ್ಲ. ನನಗೆ ಅಪ್ಪನ ಮುಖ ನೋಡೋಕೇ ನಾಚಿಕೆ.

ಹತ್ತು ಗಂಟೆ ಹೊತ್ತಿಗೆ ಐದೇ ನಿಮಿಷ ಮೋಡ ಸರೀತು. ನೆತ್ತಿ ಮೇಲೆ ನಕ್ಷತ್ರಗಳ ಪುಟ್ಟ ಗೊಂಚಲು. ಬೈನಾಕ್ಯುಲರ್ ಕೈಗೆ ಕೊಟ್ಟು, "ಅಪ್ಪಾ, ಇದೇ ಕೃತ್ತಿಕೆ" ಅಂದೆ.

"ಕೃತ್ತಿಕೆ ಮಳೆ ಅಂತೀವಲ್ಲ, ಆ ಕೃತ್ತಿಕೆನಾ?"

ಅದೇ. ಮೇ ತಿಂಗಳಲ್ಲಿ ಸೂರ್ಯ ಆ ನಕ್ಷತ್ರದ ದಿಕ್ಕಲ್ಲಿ ಇರ್ತಾನೆ. ಅದಕ್ಕೇ ಆಗಿನ ಮಳೆಗೆ ಆ ಹೆಸರು. ಆದ್ರೆ ಸೂರ್ಯನ ಬೆಳಕಲ್ಲಿ ನಕ್ಷತ್ರ ಮಾತ್ರ ಕಾಣಲ್ಲ. ಇಷ್ಟು ವರ್ಷ ಆ ಹೆಸರು ಹೇಳ್ಕೊಂಡೇ ಹೊಲ ಹಸನು ಮಾಡಿದ ಅಪ್ಪ, ಅದನ್ನ ಗುರುತಿಸಿ ನೋಡಿದ್ದು ಅವತ್ತೇ. "ಈ ಬೆಳಕು ಅಲ್ಲಿಂದ ಹೊರಟು ಸುಮಾರು 440 ವರ್ಷ ಆಯ್ತು, ಆಗ ದುರ್ಗದಲ್ಲಿ ಪಾಳೆಗಾರರಿದ್ರು" ಅಂದಾಗ ಸುಮ್ಮನಾದ್ರು.

ಮತ್ತೆ ಮೋಡ ಮುಚ್ಚಿತು. ಬೈಕ್ ಹತ್ತುವಾಗ ಅಪ್ಪ ಕೇಳಿದ್ದು ಒಂದೇ: "ರೋಹಿಣಿ ಎಲ್ಲಿರುತ್ತೋ?"

ಅದನ್ನ ಮುಂದಿನ ಸಂಚಿಕೆಯಲ್ಲಿ ಹೇಳ್ತೀನಿ. ಸಿಗೋಣ.