ಮೊದಲು ಫ್ಯೂಸ್, ಆಮೇಲೆ ಬೇಸ್: ಕಾರಿಗೆ ಸಬ್‌ವೂಫರ್ ಹಾಕಿಸುವ ಮುನ್ನ

ಹಿಂದೆ ಕೂತಿರೋರಿಗೂ ಕೇಳಿಸ್ತಿದೆ ಅಲ್ವಾ? ಸರಿ.

ನಾನು ಓದಿದ್ದು ಎಂಟೆಕ್, ಮಾಡೋದು ಸಾಫ್ಟ್‌ವೇರ್ ಕೆಲಸ, ಇರೋದು ಅಹಮದಾಬಾದ್. ಕಾರಿನ ಆಡಿಯೋ ಬಗ್ಗೆ ಮಾತಾಡೋಕೆ ನನ್ನ ಹತ್ರ ಯಾವ ಸರ್ಟಿಫಿಕೇಟೂ ಇಲ್ಲ. ಇರೋದು ಈ ವೈರ್ ತುಂಡು ಮಾತ್ರ. ಕ್ಯಾಮೆರಾ ಹತ್ರ ಹಿಡೀತೀನಿ, ನೋಡಿ. ಒಂದು ಕಡೆ ಕೆಂಪು ಪ್ಲಾಸ್ಟಿಕ್ ಸರಿಯಾಗಿದೆ. ಈ ಕಡೆ ಕಪ್ಪಾಗಿ, ಕರಗಿ, ಒಳಗಿನ ತಂತಿ ಕಾಣಿಸ್ತಿದೆ. ಇದನ್ನ ನಾನು ಬಿಸಾಡಿಲ್ಲ. ಯಾಕೆ ಅಂತ ಹೇಳೋಕೇ ಇವತ್ತು ಬಂದಿದ್ದೀನಿ.

ನನ್ನದು ಸಿಎನ್‌ಜಿ ಇರೋ ಸಣ್ಣ ಹ್ಯಾಚ್‌ಬ್ಯಾಕ್. ಗುಜರಾತಲ್ಲಿ ಇರೋರಿಗೆ ಇದನ್ನ ವಿವರಿಸಿ ಹೇಳಬೇಕಿಲ್ಲ, ನಿಮ್ಮಲ್ಲಿ ಅರ್ಧ ಜನರ ಡಿಕ್ಕಿಯಲ್ಲೂ ಸಿಲಿಂಡರ್ ಇದೆ. ಕಂಪನಿಯಿಂದ ಬಂದ ಸ್ಪೀಕರ್‌ಗಳಲ್ಲಿ ಮಾತು ಚೆನ್ನಾಗಿ ಕೇಳುತ್ತೆ, ಹಾಡಿನ ದನಿ ಕೇಳುತ್ತೆ. ಆದರೆ ಡೊಳ್ಳು ಬಂದ್ರೆ ಡಬ್ಬ ಬಡಿದ ಹಾಗೆ. ಬಾಗಿಲಲ್ಲಿರೋ ಸಣ್ಣ ಸ್ಪೀಕರ್ 80 ಹರ್ಟ್ಜ್‌ಗಿಂತ ಕೆಳಗಿನ ಸದ್ದನ್ನ ಸರಿಯಾಗಿ ತಳ್ಳೋಕೆ ಆಗಲ್ಲ, ಅಷ್ಟು ಗಾಳಿ ಅಲ್ಲಾಡಿಸೋ ಶಕ್ತಿ ಅದಕ್ಕಿಲ್ಲ. ಊರಿಗೆ ಹೋಗೋದು ಅಂದ್ರೆ ಸಾವಿರ ಕಿಲೋಮೀಟರ್‌ಗೂ ಮೇಲೆ. ಅಷ್ಟು ದೂರ ಡಬ್ಬದ ಸದ್ದು ಕೇಳಿಕೊಂಡು ಯಾರು ಹೋಗ್ತಾರೆ ಅಂತ ಒಂದು 10 ಇಂಚಿನ ಸಬ್‌ವೂಫರು, ಒಂದು ಮೋನೋ ಆಂಪ್ಲಿಫೈಯರು ತಗೊಂಡೆ. ಸಿಲಿಂಡರ್ ಪಕ್ಕ ಉಳಿದ ಜಾಗದಲ್ಲಿ ಸಬ್ಬು, ಮುಂದಿನ ಎಡಗಡೆ ಸೀಟಿನ ಕೆಳಗೆ ಆಂಪು. ಒಂದು ಅಂಗಡಿಯಲ್ಲಿ ಎರಡು ಗಂಟೆಯಲ್ಲಿ ಹಾಕಿಕೊಟ್ಟರು. "ಚಿಂತಾ ನಾ ಕರೋ, ಸಾಹೇಬ್" ಅಂದ್ರು. ನಾನೂ ಚಿಂತೆ ಮಾಡಲಿಲ್ಲ.

ಆ ಮೇ ತಿಂಗಳಲ್ಲಿ ಅಪ್ಪ ಅಮ್ಮ ತಿಪಟೂರಿಂದ ಬಂದಿದ್ರು. ವಡೋದರಾದ ಗೆಳೆಯನ ಮನೆಗೆ ಹೊರಟ್ವಿ. ಅಹಮದಾಬಾದ್–ವಡೋದರಾ ಎಕ್ಸ್‌ಪ್ರೆಸ್‌ವೇ, 93 ಕಿಲೋಮೀಟರ್. ಮುಂದೆ ಅಪ್ಪ, ಹಿಂದೆ ಅಮ್ಮ, ನನ್ನ ಹೆಂಡತಿ, ಮಗಳು. ನಡಿಯಾದ್ ದಾಟಿದ್ವಿ. ಬೇಸ್ ಒಂದು ಸಲ ಬರುತ್ತೆ, ಒಂದು ಸಲ ನಿಂತುಹೋಗುತ್ತೆ. ನಾನು ಹಾಡಿಂದೇ ಇರಬೇಕು ಅಂದ್ಕೊಂಡೆ. ಅಪ್ಪ ಮೂಗು ಎಳೆದು, "ಲೋ, ಗಾಡಿ ಪಕ್ಕಕ್ಕೆ ಹಾಕು. ವೈರ್ ಸುಟ್ಟ ವಾಸ್ನೆ" ಅಂದ್ರು.

ಅಪ್ಪ ಕೆಇಬಿ ಕಾಲದ ಲೈನ್‌ಮನ್, ಬೆಸ್ಕಾಂ ಆದ್ಮೇಲೆ ನಿವೃತ್ತಿ ಆದವರು. ಎಲ್ಲರನ್ನೂ ಇಳಿಸಿ ದೂರ, ತಡೆಬೇಲಿ ಆಚೆ ನಿಲ್ಲಿಸಿದ್ರು. ಬಾನೆಟ್ ಎತ್ತಿಸಿ, 10ರ ಸ್ಪ್ಯಾನರ್‌ನಲ್ಲಿ ಬ್ಯಾಟರಿಯ ಮೈನಸ್ ಬಿಚ್ಚಿಸಿದ್ರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ: "ಇದರ ಫ್ಯೂಸ್ ಎಲ್ಲಿದೆ?"

"ಆಂಪ್‌ನಲ್ಲೇ ಇದೆ ಅಪ್ಪ, 30 ಆಂಪಿಯರ್‌ದು."

"ಅದು ಆ ಡಬ್ಬಕ್ಕೆ. ಈ ವೈರ್‌ಗೆ ಯಾವುದು?"

ನನ್ನ ಹತ್ರ ಉತ್ತರ ಇರಲಿಲ್ಲ.

ಆಗಿದ್ದು ಇಷ್ಟು. ಇಂಜಿನ್‌ಗೂ ನಾವು ಕೂರೋ ಜಾಗಕ್ಕೂ ನಡುವೆ ಒಂದು ತಗಡಿನ ಗೋಡೆ ಇರುತ್ತೆ, ಫೈರ್‌ವಾಲ್ ಅಂತಾರೆ. ನಮ್ಮ ಆಫೀಸಿನ ಫೈರ್‌ವಾಲ್‌ಗೆ ಹೆಸರು ಬಂದಿದ್ದೇ ಇಂಥ ನಿಜವಾದ ಗೋಡೆಯಿಂದ. ಬ್ಯಾಟರಿಯಿಂದ ಬಂದ ವೈರನ್ನ ಆ ತಗಡಿನ ತೂತಿನಲ್ಲಿ ಹಾಗೇ ತೂರಿಸಿದ್ರು, ರಬ್ಬರ್ ಗ್ರಾಮೆಟ್ ಇಲ್ಲ. ಗಾಡಿ ಅಲ್ಲಾಡಿದ ಹಾಗೆಲ್ಲ ತಗಡಿನ ಅಂಚು ಪ್ಲಾಸ್ಟಿಕ್ಕನ್ನ ಕೊಯ್ದಿದೆ. ಕಾರಿನ ಇಡೀ ಬಾಡಿ ಅಂದ್ರೆ ಮೈನಸ್. ಪ್ಲಸ್ ವೈರ್ ಅದಕ್ಕೆ ತಾಗಿದ್ರೆ ಶಾರ್ಟ್. ಆ ಕರೆಂಟು ಆಂಪ್ ತನಕ ಹೋಗೋದೇ ಇಲ್ಲ, ಹಾಗಾಗಿ ಆಂಪ್‌ನ ಫ್ಯೂಸ್ ಹಾರೋ ಪ್ರಶ್ನೆನೇ ಇಲ್ಲ. ಸ್ಟಾರ್ಟರ್ ಮೋಟರ್ ತಿರುಗಿಸೋ ಬ್ಯಾಟರಿ ಅದು, ನೂರಾರು ಆಂಪಿಯರ್ ಕೊಡೋ ತಾಕತ್ತಿದೆ. ನಮ್ಮ ಪುಣ್ಯ, ವೈರ್ ಪೂರ್ತಿ ಕೂರದೆ ಆಗಾಗ ಮಾತ್ರ ತಾಗ್ತಿತ್ತು. ಪೂರ್ತಿ ತಾಗಿದ್ದಿದ್ರೆ ಅಪ್ಪನ ಕಾಲ ಹತ್ರ ಬೆಂಕಿ, ಹಿಂದೆ ಮಗಳು, ಅವಳ ಹಿಂದೆ ಸಿಲಿಂಡರ್.

ಅವತ್ತು ಅಪ್ಪ ಹೇಳಿದ್ದು: "ಫ್ಯೂಸ್ ಇರೋದು ಸಾಮಾನು ಉಳಿಸೋಕಲ್ಲ ಕಣೋ, ವೈರ್ ಉಳಿಸೋಕೆ." ಇವತ್ತಿನ ಮಾತಿನಲ್ಲಿ ಇದೊಂದು ನೆನಪಿದ್ರೆ ಸಾಕು. ಫ್ಯೂಸ್ ಬ್ಯಾಟರಿಯ ಪ್ಲಸ್‌ನಿಂದ 18 ಇಂಚಿನ ಒಳಗೆ ಇರಬೇಕು, ಅಂದ್ರೆ ಸುಮಾರು 45 ಸೆಂಟಿಮೀಟರ್. ಹತ್ತಿರ ಇದ್ದಷ್ಟೂ ಒಳ್ಳೇದು. ಬ್ಯಾಟರಿಗೂ ಫ್ಯೂಸಿಗೂ ನಡುವಿನ ವೈರ್‌ಗೆ ಯಾವ ಕಾವಲೂ ಇರಲ್ಲ ಅನ್ನೋದೇ ಕಾರಣ.

ಊರಿಗೆ ಬಂದ ಮೇಲೆ ಎಲ್ಲ ಕಿತ್ತು ನಾನೇ ಮತ್ತೆ ಹಾಕಿದೆ. ರಿಲೀಫ್ ರೋಡ್‌ನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಮಲ್ಟಿಮೀಟರ್, ರಿಂಗ್ ಟರ್ಮಿನಲ್, ಗ್ರಾಮೆಟ್ ತಂದೆ. ಕಲಿತದ್ದನ್ನ ಕ್ರಮವಾಗಿ ಹೇಳ್ತೀನಿ.

ಮೊದಲು ಲೆಕ್ಕ. ಡಬ್ಬದ ಮೇಲೆ ಬರೆದಿರೋ 1500 ವ್ಯಾಟ್, 2000 ವ್ಯಾಟ್ ಮರೆತುಬಿಡಿ. ಆರ್‌ಎಂಎಸ್ ಎಷ್ಟು ಅಂತ ನೋಡಿ. ನನ್ನದು 300 ವ್ಯಾಟ್ ಆರ್‌ಎಂಎಸ್, ಕ್ಲಾಸ್ ಡಿ. ಇದರ ದಕ್ಷತೆ ಸುಮಾರು ಶೇ. 80 ಅಂತ ಹಿಡಿದ್ರೆ, 300ನ್ನ 0.8ರಿಂದ ಭಾಗಿಸಿ, ಇಂಜಿನ್ ಓಡುವಾಗಿನ 13.8 ವೋಲ್ಟ್‌ನಿಂದ ಭಾಗಿಸಿ. ಸುಮಾರು 27 ಆಂಪಿಯರ್ ಬರುತ್ತೆ. ಹಾಗಾಗಿ 30ರ ಫ್ಯೂಸ್, ಅದನ್ನ ನಿರಾಯಾಸವಾಗಿ ತಡ್ಕೊಳ್ಳೋ 8 ಗೇಜ್ ವೈರ್. ಫ್ಯೂಸ್ ಪದೇ ಪದೇ ಹೋಗ್ತಿದೆ ಅಂತ 60ರದ್ದು ಹಾಕೋದು, ಊರಲ್ಲಿ ಫ್ಯೂಸ್ ಕಟ್ಟೋಕೆ ದಪ್ಪ ತಂತಿ ಹಾಕ್ತಿದ್ರಲ್ಲ, ಅದೇ ಕೆಲಸ.

ವೈರ್ ತಗೊಳ್ಳುವಾಗ ತಾಮ್ರನಾ, ಸಿಸಿಎನಾ ಕೇಳಿ. ಸಿಸಿಎ ಅಂದ್ರೆ ಒಳಗೆ ಅಲ್ಯೂಮಿನಿಯಂ, ಮೇಲೆ ತಾಮ್ರದ ಲೇಪ. ಅಗ್ಗದ ಕಿಟ್‌ಗಳಲ್ಲಿ ಹೆಚ್ಚಾಗಿ ಬರೋದು ಇದೇ. 5 ಮೀಟರ್ ಉದ್ದದ 8 ಗೇಜ್ ತಾಮ್ರದಲ್ಲಿ 30 ಆಂಪಿಯರ್ ಹರಿದ್ರೆ 0.3 ವೋಲ್ಟ್ ಹೋಗುತ್ತೆ, ಸಿಸಿಎನಲ್ಲಿ 0.5 ಸುತ್ತ. ಗುರುತಿಸೋದು ಸುಲಭ, ತುದಿಯನ್ನ ಚಾಕುವಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗೆ ಕಂಡ್ರೆ ಸಿಸಿಎ. ಅದನ್ನೇ ಹಾಕಬೇಕಾದ್ರೆ ಒಂದು ಸೈಜ್ ದಪ್ಪದ್ದು ತಗೊಳ್ಳಿ.

ಕೆಲಸ ಶುರು ಮಾಡೋ ಮುಂಚೆ ಬ್ಯಾಟರಿಯ ಮೈನಸ್ ಬಿಚ್ಚಿ. ಮೊದಲು ಮೈನಸ್ಸೇ ಯಾಕೆ? ಸ್ಪ್ಯಾನರ್ ಜಾರಿ ಬಾಡಿಗೆ ತಗುಲಿದ್ರೂ ಏನೂ ಆಗಲ್ಲ. ಪವರ್ ವೈರ್ ಒಂದು ಪಕ್ಕ, ಆರ್‌ಸಿಎ ಕೇಬಲ್ ಇನ್ನೊಂದು ಪಕ್ಕ ಎಳೀರಿ. ಅರ್ಥಿಂಗ್ ವೈರ್ ಗಿಡ್ಡಕ್ಕಿರಲಿ. ಬಾಡಿಯ ಬಣ್ಣ ಕೆರೆದು, ಹೊಳೆಯೋ ತಗಡಿಗೆ ಬೋಲ್ಟ್ ಹಾಕಿ ಬಿಗಿ ಮಾಡಿ. ಸೀಟ್ ಬೆಲ್ಟ್ ಬೋಲ್ಟ್ ಬೇಡ, ಅದು ಜೀವ ಹಿಡಿಯೋ ಬೋಲ್ಟ್. ಸಿಎನ್‌ಜಿ ಸಿಲಿಂಡರ್ ಸ್ಟ್ಯಾಂಡ್ ಅಂತೂ ಬೇಡವೇ ಬೇಡ. ತಳಕ್ಕೆ ಡ್ರಿಲ್ ಹಾಕೋ ಮುಂಚೆ ಕೆಳಗೆ ಬಗ್ಗಿ ನೋಡಿ. ಸಿಲಿಂಡರ್‌ನಲ್ಲಿ 200 ಬಾರ್ ಒತ್ತಡ ಇರುತ್ತೆ, ಅದರ ಪೈಪು ಗಾಡಿ ಅಡಿಯಲ್ಲೇ ಮುಂದೆ ಹೋಗುತ್ತೆ. ಸಬ್ ಬಾಕ್ಸನ್ನ ವಾಲ್ವ್‌ಗೆ ಕೈ ಸಿಗದ ಹಾಗೆ ಒತ್ತಿ ಇಡಬೇಡಿ.

ಈಗ ತೊಂದರೆ ಹುಡುಕೋದು. ನಾವು ದಿನಾ ಬಗ್ ಹುಡುಕೋರು, ಆದ್ರೂ ಕಾರಿನ ವಿಷಯ ಬಂದ್ರೆ "ಆಂಪ್ ಹೋಗಿದೆ, ಹೊಸದು ತರೋಣ" ಅಂತೀವಿ. ಮೂರು ಊರಿನ ಮೂರು ಕೇಸ್ ಹೇಳ್ತೀನಿ.

ಸೂರತ್‌ನಲ್ಲಿರೋ ನಮ್ಮ ಹುಬ್ಬಳ್ಳಿ ಗೆಳೆಯ ಶುಕ್ರವಾರ ಸಂಜೆ ಗಾಡಿ ನಿಲ್ಲಿಸಿ ರೈಲಲ್ಲಿ ಮುಂಬೈಗೆ ಹೋಗ್ತಿದ್ದ. ಸೋಮವಾರ ಬಂದ್ರೆ ಬ್ಯಾಟರಿ ಸತ್ತಿರೋದು. ಎರಡು ಬ್ಯಾಟರಿ ಬದಲಾಯಿಸಿದ. ನಾವು ಮೀಟರನ್ನ 10 ಆಂಪಿಯರ್‌ಗೆ ಇಟ್ಟು, ಮೈನಸ್ ಬಿಚ್ಚಿ ನಡುವೆ ಸೇರಿಸಿ ನೋಡಿದ್ವಿ. ಹೀಗೆ ಸೇರಿಸಿದಾಗ ಮಾತ್ರ ಗಾಡಿ ಸ್ಟಾರ್ಟ್ ಮಾಡಬೇಡಿ, ಮೀಟರ್ ಹೋಗುತ್ತೆ. ಎಲ್ಲ ಆಫ್ ಇದ್ದು ಸ್ವಲ್ಪ ಹೊತ್ತಾದ ಮೇಲೆ ಸಾಮಾನ್ಯವಾಗಿ 50 ಮಿಲಿ ಆಂಪಿಯರ್‌ಗಿಂತ ಕಡಿಮೆ ಇರಬೇಕು. ಇವನದ್ದು 0.8 ಆಂಪಿಯರ್. 60 ಗಂಟೆಗೆ 48 ಆಂಪಿಯರ್-ಅವರ್, ಬ್ಯಾಟರಿ ಇರೋದೇ 35ರದ್ದು. ಆಂಪನ್ನ ಎಬ್ಬಿಸೋ ರಿಮೋಟ್ ವೈರನ್ನ ಸ್ಟೀರಿಯೋದಿಂದ ತರದೆ, ಯಾವಾಗಲೂ ಕರೆಂಟ್ ಇರೋ ಕಡೆ ಸೇರಿಸಿದ್ರು. ಆಂಪು ಮೂರು ದಿನವೂ ಎಚ್ಚರವಾಗೇ ಇರ್ತಿತ್ತು.

ಎರಡನೇದು ವಡೋದರಾ. 2024ರ ಆಗಸ್ಟ್‌ನಲ್ಲಿ ವಿಶ್ವಾಮಿತ್ರಿ ನದಿ ಉಕ್ಕಿ ಊರೊಳಗೆ ನೀರು ಬಂದಿದ್ದು ನಿಮಗೆ ನೆನಪಿರಬಹುದು. ಗೆಳೆಯನ ಕಾರಿನೊಳಗೆ ಕಾರ್ಪೆಟ್ ನೆನೆಯೋಷ್ಟು ನೀರು. ಒಣಗಿಸಿದ, ಓಡಿತು. ಕೆಲವು ತಿಂಗಳಾದ ಮೇಲೆ ಒಂದು ಕುಂಯ್ ಅನ್ನೋ ಸದ್ದು ಶುರು, ಆಕ್ಸಿಲರೇಟರ್ ಒತ್ತಿದ ಹಾಗೆಲ್ಲ ಸ್ವರ ಏರುತ್ತೆ. ಅದು ಆಲ್ಟರ್ನೇಟರ್ ಸದ್ದು. ಆಂಪ್‌ನಿಂದ ಆರ್‌ಸಿಎ ಕಿತ್ತರೆ ಸದ್ದು ನಿಂತಿತು, ಅಂದ್ರೆ ಆಂಪ್ ಚೆನ್ನಾಗಿದೆ. ಆಮೇಲೆ ಹಾಡು ಜೋರಾಗಿ ಹಾಕಿ, ಬ್ಯಾಟರಿ ಮೈನಸ್‌ಗೂ ಆಂಪ್‌ನ ಅರ್ಥ್‌ಗೂ ನಡುವೆ ವೋಲ್ಟೇಜ್ ನೋಡಿದ್ವಿ. 0.1ರ ಸುತ್ತ ಇರಬೇಕಾದ್ದು 0.9 ಇತ್ತು. ಕಾರ್ಪೆಟ್ ಎತ್ತಿದ್ರೆ ಅರ್ಥ್ ಬೋಲ್ಟ್ ತುಕ್ಕಿನ ಉಂಡೆ. ಉಜ್ಜಿ, ಬಿಗಿಮಾಡಿ, ಗ್ರೀಸ್ ಹಚ್ಚಿದ್ವಿ. ಖರ್ಚು ಒಂದು ಹಾಳೆ ಸ್ಯಾಂಡ್ ಪೇಪರ್. ಮಳೆಗಾಲದಲ್ಲಿ ನೀರು ನಿಲ್ಲೋ ಏರಿಯಾದಲ್ಲಿ ಇರೋರು ಆಂಪನ್ನ ಸೀಟಿನ ಕೆಳಗೆ ಇಡೋ ಮುಂಚೆ ಯೋಚನೆ ಮಾಡಿ.

ಮೂರನೇದು ನಮ್ಮ ಅಹಮದಾಬಾದ್. ಇಲ್ಲಿ 2016ರ ಮೇನಲ್ಲಿ 48 ಡಿಗ್ರಿ ಮುಟ್ಟಿತ್ತು. ಸಹೋದ್ಯೋಗಿಯೊಬ್ಬರ ಆಂಪು ಬೆಳಿಗ್ಗೆ ಚೆನ್ನಾಗಿ ಹಾಡೋದು, ಮಧ್ಯಾಹ್ನ ಕೆಂಪು ಲೈಟ್ ಹತ್ತಿ ಬಂದ್. ಪ್ರೊಟೆಕ್ಟ್ ಲೈಟ್ ಬಂದ್ರೆ ಮೊದಲು ಸ್ಪೀಕರ್ ವೈರ್ ಬಿಚ್ಚಿ ನೋಡಿ. ಲೈಟ್ ಹೋದ್ರೆ ತೊಂದರೆ ಸಬ್‌ದು ಅಥವಾ ಅದರ ವೈರಿಂದು. ಹೋಗದಿದ್ರೆ ಆರ್‌ಸಿಎ ಕೀಳಿ. ಆಗಲೂ ಹೋಗದಿದ್ರೆ ಆಂಪ್. ಇವರದ್ದು ಸ್ಪೀಕರ್ ಬಿಚ್ಚಿದ ತಕ್ಷಣ ಹೋಯ್ತು. ಸಬ್‌ನಲ್ಲಿ 2 ಓಮ್‌ನ ಎರಡು ಕಾಯಿಲ್, ಎರಡನ್ನೂ ಪ್ಯಾರಲೆಲ್ ಹಾಕಿದ್ರು, ಅಂದ್ರೆ 1 ಓಮ್. ಆಂಪ್ ತಡ್ಕೊಳ್ಳೋದು 2 ಓಮ್‌ವರೆಗೆ ಮಾತ್ರ. ಬೆಳಗಿನ ತಂಪಲ್ಲಿ ಹೇಗೋ ಎಳೀತಿತ್ತು, ಬಿಸಿಲಲ್ಲಿ ಕಾದ ಗಾಡಿಯಲ್ಲಿ ಕೈ ಎತ್ತಿಬಿಡ್ತಿತ್ತು. ಸೀರೀಸ್ ಮಾಡಿ 4 ಓಮ್ ಆಯ್ತು. ಸದ್ದು ಸ್ವಲ್ಪ ಕಡಿಮೆ, ಆಮೇಲೆ ಒಂದು ದಿನವೂ ನಿಂತಿಲ್ಲ.

ಕೊನೆಗೆ ಗೇನ್. ಅದು ವಾಲ್ಯೂಮ್ ಅಲ್ಲ, ಸ್ಟೀರಿಯೋಗೂ ಆಂಪ್‌ಗೂ ಹೊಂದಾಣಿಕೆ ಮಾಡೋ ತಿರುಪು. ಬೇಸ್ ಬೂಸ್ಟ್ ಎಲ್ಲ ಆಫ್ ಮಾಡಿ, ಸ್ಪೀಕರ್ ವೈರ್ ಬಿಚ್ಚಿ, ವಾಲ್ಯೂಮ್ ಮುಕ್ಕಾಲಿಗಿಟ್ಟು, 50 ಹರ್ಟ್ಜ್ ಟೋನ್ ಹಾಕಿ, ಮೀಟರನ್ನ ಎಸಿ ವೋಲ್ಟ್‌ಗೆ ಇಡಿ. ವ್ಯಾಟನ್ನ ಓಮ್‌ನಿಂದ ಗುಣಿಸಿ ವರ್ಗಮೂಲ ತೆಗೀರಿ. 300 ವ್ಯಾಟ್, 2 ಓಮ್ ಆದ್ರೆ ಸುಮಾರು 24.5 ವೋಲ್ಟ್. ಗೇನ್ ತಿರುಗಿಸ್ತಾ ಅಲ್ಲಿಗೆ ಬಂದ್ರೆ ನಿಲ್ಲಿಸಿ. ಲೋ ಪಾಸ್ 80 ಹರ್ಟ್ಜ್. ಮೀರಿಸಿದ್ರೆ ಅಲೆಯ ತಲೆ ಕತ್ತರಿಸಿದ ಹಾಗಾಗಿ ಸಬ್‌ನ ಕಾಯಿಲ್ ಸುಡುತ್ತೆ.

ಇನ್ನೆರಡು ಮಾತು. ಕಾರಿನ ಇನ್ಶೂರೆನ್ಸ್‌ನಲ್ಲಿ ಹೊರಗಿಂದ ಹಾಕಿಸಿದ ಎಲೆಕ್ಟ್ರಿಕಲ್ ಆಕ್ಸೆಸರೀಸ್‌ನ ಬೆಲೆ ಪ್ರತ್ಯೇಕವಾಗಿ ತೋರಿಸಿ, ಇಲ್ಲದಿದ್ರೆ ಕ್ಲೇಮ್‌ನಲ್ಲಿ ಅದು ಲೆಕ್ಕಕ್ಕೆ ಬರದೇ ಹೋಗಬಹುದು. ಸ್ಟೀರಿಯೋ ಹಿಂದೆ ಕಂಪನಿಯ ವೈರ್ ಕತ್ತರಿಸೋಕೆ ಬಿಡಬೇಡಿ, ಕಪ್ಲರ್ ಹಾಕಿಸಿ. ಮತ್ತೆ, ನವರಾತ್ರಿ ಗರ್ಬಾ ಮುಗಿಸಿ ಸೊಸೈಟಿ ಗೇಟಿಗೆ ಬಂದಾಗ ಸದ್ದು ತಗ್ಗಿಸಿ. ಬೇಸ್ ಗೋಡೆ ದಾಟುತ್ತೆ, ಬೈಗುಳ ತಿನ್ನೋದು "ಆ ಕರ್ನಾಟಕದವರು".

ಅಂಗಡಿಯಲ್ಲಿ ಹಾಕಿಸಿದ್ರೂ ತಪ್ಪಿಲ್ಲ, ಒಳ್ಳೆ ಕೆಲಸಗಾರರು ಮೂರೂ ಊರಲ್ಲಿ ಇದ್ದಾರೆ. ಆದರೆ ದುಡ್ಡು ಕೊಡೋ ಮುಂಚೆ ಬಾನೆಟ್ ಎತ್ತಿಸಿ ಎರಡು ತೋರಿಸಿ ಅನ್ನಿ: ಫ್ಯೂಸ್ ಎಲ್ಲಿದೆ, ಗ್ರಾಮೆಟ್ ಎಲ್ಲಿದೆ. ಅದನ್ನ ಕೇಳೋಕೆ ಎಂಟೆಕ್ ಬೇಕಿಲ್ಲ. ನಾನು ಎಂಟೆಕ್ ಮಾಡಿಯೂ ಕೇಳಿರಲಿಲ್ಲ.

ಈ ಸಲ ದಸರಾಕ್ಕೆ ಊರಿಗೆ ಗಾಡಿಯಲ್ಲೇ ಹೋಗಿದ್ವಿ. ಅಪ್ಪ ಹೊರಗೆ ಬಂದು ಮೊಮ್ಮಗಳನ್ನ ಎತ್ಕೊಂಡ್ರು. ಆಮೇಲೆ ನನ್ನ ಕಡೆ ತಿರುಗಿ, "ಬಾನೆಟ್ ಎತ್ತು" ಅಂದ್ರು. ಬಗ್ಗಿ ನೋಡಿದ್ರು, ಫ್ಯೂಸ್ ಹೋಲ್ಡರ್ ಮುಟ್ಟಿ ನೋಡಿದ್ರು, ಏನೂ ಹೇಳಲಿಲ್ಲ. ರಾತ್ರಿ ಊಟ ಆದ್ಮೇಲೆ ಕಾರಲ್ಲಿ ಕೂತು ಹಾಡು ಹಾಕು ಅಂದ್ರು.

ಇವತ್ತಿಗೆ ಇಷ್ಟು. ಮನೆಗೆ ಹೋಗಿ ಒಂದ್ಸಲ ಬಾನೆಟ್ ಎತ್ತಿ ನೋಡಿ.