ನಮ್ಮ ಊರ ಹೆಸರುಗಳ ಉಚ್ಚಾರಣೆ

(ಸಂಘದ ವಾರ್ಷಿಕೋತ್ಸವದಲ್ಲಿ ಮಾಡಿದ ಭಾಷಣ)



ಈ ಶುಭಸಂದರ್ಭದಲ್ಲಿ ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದಾಗ, ವ್ಯಾಕರಣ ಕಾವ್ಯಗಳನ್ನು ಪಾಠ ಹೇಳುವ ನನ್ನಂಥವನು ಯಾವನಾದರೊಬ್ಬ ಕವಿಯನ್ನು ಕುರಿತು ಮಾತನಾಡುವನೆಂದು ತಾವು ಎಣಿಸಿರಬಹುದು. ಆದರೆ ಇಂದು ನಾನು ಆರಿಸಿಕೊಂಡಿರುವುದು ನಮ್ಮ ನಮ್ಮ ಊರುಗಳ ಹೆಸರನ್ನು ಹೇಗೆ ಉಚ್ಚರಿಸಬೇಕೆಂಬ ವಿವಾದವನ್ನು. ಈ ವಿಷಯಕ್ಕೆ ನನ್ನನ್ನು ಎಳೆತಂದದ್ದು ನಾನೇ ಮಾಡಿದ ಒಂದು ತಪ್ಪು.

ಕೆಲವು ವರ್ಷಗಳ ಹಿಂದೆ ತರಗತಿಯಲ್ಲಿ ಒಬ್ಬ ಬಾಲಕನನ್ನು ಊರು ಯಾವುದೆಂದು ಕೇಳಿದೆ. ‘ದವಲ್ತಾಬಾದ್ರೀ’ ಎಂದನು. ‘ದೌಲತಾಬಾದ್’ ಎಂದು ತಿದ್ದಿ, ಹತ್ತು ಸಲ ಹೇಳಿಸಿದೆ. ತರಗತಿಯೆಲ್ಲ ನಕ್ಕಿತು. ಮರುದಿನ ಅವನ ಅಜ್ಜಿ ಶಾಲೆಯ ಬಾಗಿಲಿಗೆ ಬಂದು ನಿಂತಳು. “ಮಾಸ್ತರ್ರೀ, ಬರಿಯೋದು ತಪ್ಪಿದರ ಬೈರಿ, ಬ್ಯಾಡ ಅನ್ನಲ್ಲ. ಊರಿನ ಹೆಸರು ಅವನಿಗೆ ನಾ ಕಲಿಸೀನಿ, ನನಗ ನಮ್ಮವ್ವ ಕಲಿಸ್ಯಾಳ. ಅದರಾಗ ತಪ್ಪೇನದರೀ?” ಎಂದಳು. ವಿದ್ವಾನ್ ಪದವಿಯ ಬಲದಿಂದ ಉತ್ತರ ಹೇಳಲು ಹೊರಟೆ, ಉತ್ತರ ಬರಲಿಲ್ಲ.

ಮನೆಗೆ ಹೋಗಿ ಆ ಹೆಸರನ್ನೇ ಬಿಡಿಸಿ ನೋಡಿದೆ. ದೌಲತ್ ಎಂದರೆ ಸಂಪತ್ತು. ಆಬಾದ್ ಎಂದರೆ ಜನ ನೆಲೆಸಿದ, ಸಮೃದ್ಧವಾದ ಸ್ಥಳ. ಎರಡನೆಯದು ಪಾರಸಿಯದು. ಮೊದಲನೆಯದು ಅರಬ್ಬಿಯದು, ಆ ಮೂಲಭಾಷೆಯಲ್ಲಿ ಅದರ ಉಚ್ಚಾರ ‘ದವ್ಲ’ ಎಂದು. ಎಂದಮೇಲೆ, ನಾನು ಅಶುದ್ಧವೆಂದು ತಿದ್ದಿದ ಆ ಹುಡುಗನ ‘ದವ’ಕಾರವು ನನ್ನ ‘ದೌ’ಕಾರಕ್ಕಿಂತ ಮೂಲಕ್ಕೆ ಹತ್ತಿರವಾಗಿತ್ತು! ಶುದ್ಧಿಯ ಅಭಿಮಾನ ನಮ್ಮನ್ನು ಎಷ್ಟು ಸುಲಭವಾಗಿ ಅಪಹಾಸ್ಯಕ್ಕೆ ಗುರಿಮಾಡುತ್ತದೆ ಎಂಬುದು ನನಗೆ ಅಂದು ಮನವರಿಕೆಯಾಯಿತು.

ಈ ವಿವಾದಕ್ಕೆ ಬಹುಮಟ್ಟಿಗೆ ಕಾರಣ ಲಿಪಿಗಳು. ನಿಜಾಮರ ಕಾಲದ ಕಚೇರಿಗಳಲ್ಲಿ ಹೆಸರುಗಳು ಉರ್ದುವಿನಲ್ಲಿ ಬರೆಯಲ್ಪಟ್ಟವು. ಆ ಬರವಣಿಗೆಯಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಗುರುತಿಸುವುದಿಲ್ಲ. ಸಿಕಂದರಾಬಾದಿನಿಂದ ವಾಡಿಯವರೆಗೆ 1874ರಲ್ಲಿ ರೈಲು ಬಂದಿತು; ನಿಲ್ದಾಣದ ಹಲಗೆಗಳ ಮೇಲೆ ಇಂಗ್ಲಿಷ್ ಅಕ್ಷರಗಳು ಬಂದವು. ಇವುಗಳಲ್ಲಿ ತಕಾರಕ್ಕೂ ಟಕಾರಕ್ಕೂ, ದಕಾರಕ್ಕೂ ಡಕಾರಕ್ಕೂ ಭೇದವಿಲ್ಲ. ಆದಕಾರಣ ನಮ್ಮ ತಾಂಡೂರನ್ನು ದೂರದವರು ‘ತಂದೂರ್’ ಎಂದು ಓದಿ, ನಿಮ್ಮ ಊರಿನಲ್ಲಿ ರೊಟ್ಟಿ ಚೆನ್ನಾಗಿ ಸುಡುತ್ತಾರೆಯೇ ಎಂದು ಕೇಳುವುದುಂಟು. ನಮ್ಮಲ್ಲಿ ತಕಾರಕ್ಕೆ ಇಂಗ್ಲಿಷಿನ ಎರಡು ಅಕ್ಷರಗಳನ್ನು ಜೋಡಿಸಿ ಬರೆಯುವ ರೂಢಿ. ಉತ್ತರದವರು ಅದನ್ನೇ ಥಕಾರವೆಂದು ಓದಿ ‘ದೌಲಥಾಬಾದ್’ ಎನ್ನುತ್ತಾರೆ. ನನ್ನ ಶಿಷ್ಯನೊಬ್ಬನ ಒಂದು ಪತ್ರದಲ್ಲಿ ಊರಿನ ಹೆಸರು ಒಂದು ಬಗೆ, ಇನ್ನೊಂದರಲ್ಲಿ ಇನ್ನೊಂದು ಬಗೆ ಇದ್ದುದರಿಂದ, ಅವನು ಒಂದು ಕಚೇರಿಗೆ ಮೂರು ಸಲ ತಿರುಗಬೇಕಾಯಿತು. ಆದ್ದರಿಂದ ಇದು ಕೇವಲ ಪಂಡಿತರ ಚರ್ಚೆಯಲ್ಲ.

ಇನ್ನು ನಮ್ಮೊಳಗಿನ ಜಗಳವನ್ನು ನೋಡೋಣ. ‘ಪಲ್ಲಿ’ ಎಂದರೆ ತೆಲುಗು, ‘ಹಳ್ಳಿ’ ಎಂದರೆ ಕನ್ನಡ ಎಂದು ನಮ್ಮವರು ಕೆಲವರು ವಾದಿಸುತ್ತಾರೆ. ಹಳಗನ್ನಡದ ‘ಪಳ್ಳಿ’ಯೇ ಇಂದಿನ ‘ಹಳ್ಳಿ’ ಎಂಬುದನ್ನು ಅವರು ಮರೆಯುತ್ತಾರೆ. ನಮ್ಮ ಪೂರ್ವಿಕರ ಪಕಾರ ನಮ್ಮ ಬಾಯಲ್ಲಿ ಹಕಾರವಾಯಿತು. ನೆರೆಯವರ ಬಾಯಲ್ಲಿ ಹಾಗೆಯೇ ಉಳಿಯಿತು. ‘ತಾಂಡೂರ್’ ಎಂದು ವ್ಯಂಜನದಲ್ಲಿ ನಿಲ್ಲಿಸುವುದು ಪರಭಾಷೆಯ ಪದ್ಧತಿ, ‘ತಾಂಡೂರು’ ಎಂಬುದೊಂದೇ ಕನ್ನಡ ಎಂದು ಮತ್ತೆ ಕೆಲವರು ಹೇಳುತ್ತಾರೆ. ಹಳಗನ್ನಡದಲ್ಲಿ ‘ಊರ್’ ಎಂದೇ ಇತ್ತಲ್ಲವೆ? ಕೊನೆಯ ಉಕಾರವು ಅನಂತರ ಬಂದದ್ದು. ಹೀಗೆ ವಿಚಾರಿಸಿದಷ್ಟೂ ನಾವು ಹೊರಗಿನವರದೆಂದು ದೂರುವುದು ನಮ್ಮ ಮನೆಯ ಹಳೆಯ ಪೆಟ್ಟಿಗೆಯಲ್ಲಿಯೇ ದೊರೆಯುತ್ತದೆ.

ಈ ವಿವಾದವು ನಮ್ಮ ಗಡಿಗೆ ಮಾತ್ರ ಸೇರಿದ್ದೂ ಅಲ್ಲ. ಅಮೆರಿಕದ ಲಾಸ್ ಏಂಜಲೀಸ್ ನಗರವು 1781ರಲ್ಲಿ ಸ್ಪೇನಿನ ಆಳ್ವಿಕೆಯಲ್ಲಿ ಸ್ಥಾಪಿತವಾಯಿತು. ದೇವದೂತರು ಎಂದು ಅರ್ಥ ಕೊಡುವ ಆ ಹೆಸರನ್ನು ಸ್ಪೇನಿನ ಭಾಷೆಯಲ್ಲಿ ‘ಲೋಸ್ ಆಂಹೆಲೆಸ್’ ಎನ್ನುತ್ತಾರೆ. 1848ರಲ್ಲಿ ಆ ಪ್ರದೇಶ ಅಮೆರಿಕಕ್ಕೆ ಸೇರಿತು. ಇಂಗ್ಲಿಷಿನವರು ಬಂದು ನೆಲೆಸಿದರು. ಉಚ್ಚಾರದ ಜಗಳ ಹುಟ್ಟಿತು. ಅಲ್ಲಿಯ ಒಂದು ದೊಡ್ಡ ಪತ್ರಿಕೆ ಸ್ಪೇನಿನ ರೀತಿಗೆ ಹತ್ತಿರವಾದ ಉಚ್ಚಾರವನ್ನು ಅಚ್ಚು ಹಾಕಿ ಓದುಗರಿಗೆ ಬೋಧಿಸುತ್ತಿತ್ತು. ಕಡೆಗೆ 1952ರಲ್ಲಿ ನಗರದ ಮೇಯರು ಒಂದು ಸಮಿತಿಯನ್ನೇ ನೇಮಿಸಬೇಕಾಯಿತು. ಅದು ಇಂಗ್ಲಿಷ್ ಧಾಟಿಯ ಉಚ್ಚಾರವನ್ನು ಎತ್ತಿಹಿಡಿಯಿತು. ಆದರೂ ಸ್ಪೇನಿನ ಭಾಷೆ ಮನೆಮಾತಾಗಿರುವ ಕುಟುಂಬಗಳಲ್ಲಿ ಹಳೆಯ ಉಚ್ಚಾರ ಇಂದಿಗೂ ಜೀವಂತವಾಗಿದೆ. ಸಮಿತಿಯ ಆಜ್ಞೆ ಅಡುಗೆಮನೆಯ ಹೊಸ್ತಿಲನ್ನು ದಾಟುವುದಿಲ್ಲ.

ಇದರಿಂದ ನಾವು ಕಲಿಯಬೇಕಾದ ಪಾಠವೇನು? 1956ರ ನವೆಂಬರ್ 1ರಂದು ಗುಲ್ಬರ್ಗಾ ಜಿಲ್ಲೆಯ ಕೊಡಂಗಲ್, ತಾಂಡೂರು ತಾಲೂಕುಗಳೂ ಬೀದರ್ ಜಿಲ್ಲೆಯ ನಾರಾಯಣಖೇಡ ತಾಲೂಕೂ ಜಹೀರಾಬಾದ್ ತಾಲೂಕಿನ ಬಹುಭಾಗವೂ ಆಂಧ್ರಪ್ರದೇಶಕ್ಕೆ ಸೇರಿದವು. 2014ರ ಜೂನ್ 2ರಿಂದ ನಾವು ತೆಲಂಗಾಣದವರು. ರಾಜ್ಯದ ಭಾಷೆ ಹಲಗೆಯ ಮೇಲಿರುವುದು ನ್ಯಾಯವೇ. ತೆಲುಗು ಸೋದರರು ತಮ್ಮ ನುಡಿಯ ಧರ್ಮದಂತೆ ಹೆಸರನ್ನು ಉಚ್ಚರಿಸಿದರೆ ಅದರಲ್ಲಿ ಅಪರಾಧವಿಲ್ಲ. ಆದರೆ ಪರರು ತಮ್ಮಂತೆ ಉಚ್ಚರಿಸುವುದು ಬೇರೆ; ನಮ್ಮ ಉಚ್ಚಾರವು ನಮ್ಮಲ್ಲಿಯೇ ಅಳಿದುಹೋಗುವುದು ಬೇರೆ. ಕಾಸರಗೋಡಿನ ಊರುಗಳ ಕನ್ನಡ ಹೆಸರುಗಳನ್ನು ಬದಲಿಸುತ್ತಾರೆಂಬ ಸುದ್ದಿ 2021ರಲ್ಲಿ ಹಬ್ಬಿದಾಗ ಅಲ್ಲಿಯ ಕನ್ನಡಿಗರು ಕಳವಳಗೊಂಡದ್ದು ಇದಕ್ಕಾಗಿಯೇ. ಅಂಥ ಪ್ರಸ್ತಾವವಿಲ್ಲವೆಂದು ಕೇರಳದ ಕಡೆಯಿಂದ ಉತ್ತರ ಬಂದಿತು. ಮಲಯಾಳಿಗಳು ‘ಮಂಜೇಶ್ವರಂ’ ಎಂದರೆ ನಷ್ಟವಿಲ್ಲ. ಕನ್ನಡಿಗರ ಮಕ್ಕಳಿಗೆ ‘ಮಂಜೇಶ್ವರ’ ಎಂಬುದು ತಿಳಿಯದೆ ಹೋದರೆ ಅದೇ ನಷ್ಟ.

ಆ ನಷ್ಟವನ್ನು ತಡೆಯುವುದು ನಮ್ಮ ಕೈಯಲ್ಲಿದೆ. ಮೂರು ಕೆಲಸಗಳನ್ನು ತಮ್ಮಲ್ಲಿ ವಿಜ್ಞಾಪಿಸಿಕೊಳ್ಳುತ್ತೇನೆ. ಮೊದಲನೆಯದು, ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರು, ಕೆರೆ, ಹಳ್ಳ, ಹೊಲಗಳ ಹೆಸರನ್ನು ಮನೆಯ ಹಿರಿಯರು ಹೇಳಿದಂತೆಯೇ ಕನ್ನಡ ಅಕ್ಷರದಲ್ಲಿ ಬರೆದಿಡಬೇಕು. ಎ, ಏ, ಒ, ಓ ಎಂಬ ಹ್ರಸ್ವದೀರ್ಘಗಳನ್ನು ಬೇರೆ ಬೇರೆಯಾಗಿ ಹಿಡಿದಿಡಬಲ್ಲ ಲಿಪಿ ನಮ್ಮದು. ಅದು ಕಪಾಟಿನಲ್ಲಿ ಧೂಳು ಹಿಡಿಯಬಾರದು. ಎರಡನೆಯದು, ಇಂಗ್ಲಿಷ್ ಕಾಗದಪತ್ರಗಳಲ್ಲಿ ಊರಿನ ಹೆಸರು ಎಲ್ಲೆಡೆಯೂ ಒಂದೇ ರೀತಿ ಇರುವಂತೆ ತಂದೆತಾಯಿಗಳು ನೋಡಿಕೊಳ್ಳಬೇಕು. ಮೂರನೆಯದು ನನ್ನಂಥ ಉಪಾಧ್ಯಾಯರಿಗೆ: ಬರವಣಿಗೆಯನ್ನು ತಿದ್ದೋಣ, ಆದರೆ ಮಗು ತನ್ನ ಊರ ಹೆಸರನ್ನು ಹೇಳಿದಾಗ ಮೊದಲು ಕಿವಿಗೊಟ್ಟು ಕೇಳೋಣ.

ಆ ಅಜ್ಜಿ ಈಗಿಲ್ಲ. ಅವಳ ಪ್ರಶ್ನೆಗೆ ಅಂದು ಕೊಡಲಾಗದ ಉತ್ತರವನ್ನು ಇಂದು ಈ ಸಭೆಯ ಮುಂದೆ ಕೊಡುತ್ತಿದ್ದೇನೆ: ತಾಯಿ, ಅದರಲ್ಲಿ ತಪ್ಪೇನೂ ಇರಲಿಲ್ಲ, ತಪ್ಪು ನನ್ನದು. ಅವಳ ಮೊಮ್ಮಗನು ಮುಂದೆ ತನ್ನ ಮಕ್ಕಳಿಗೂ ಆ ಹೆಸರನ್ನು ಅವಳಂತೆಯೇ ಕಲಿಸಲಿ ಎಂದು ಹಾರೈಸುತ್ತೇನೆ.