ಕದ್ರಿಯ ನೀರು

ಮಂಗಳೂರಿನ ಕದ್ರಿ ಮಂಜುನಾಥನ ದರ್ಶನಕ್ಕೆ ಹೋದವರು ಗುಡಿಯ ಹಿಂಬದಿಯ ಮೆಟ್ಟಿಲು ಹತ್ತಿ ಗೋಮುಖದ ನೀರಿಗೆ ಕೈಯೊಡ್ಡದೆ ಹಿಂದಿರುಗುವುದಿಲ್ಲ. ನೀವೂ ಒಡ್ಡಿರಬಹುದು. ಕಾಶಿಯ ಭಾಗೀರಥಿಯೇ ನೆಲದೊಳಗಿನಿಂದ ಹರಿದು ಬಂದು ಇಲ್ಲಿ ಮೇಲೆದ್ದಿದ್ದಾಳೆಂದು ನಂಬಿಕೆ. ಆದ್ದರಿಂದ ಅದು ಕಾಶೀ ಭಾಗೀರಥಿ ತೀರ್ಥ. ಪಕ್ಕದ ಕೊಳಗಳೆಲ್ಲ ಅದೇ ನೀರಿನಿಂದ ತುಂಬುತ್ತವೆ. ಗುಡಿಯಲ್ಲಿರುವ ಲೋಕೇಶ್ವರನ ಕಂಚಿನ ವಿಗ್ರಹವನ್ನು ಆಳುಪ ದೊರೆ ಕುಂದವರ್ಮನು ಕದರಿಕಾ ವಿಹಾರದಲ್ಲಿ ಪ್ರತಿಷ್ಠಿಸಿದನೆಂದು ಕ್ರಿ.ಶ. 968ರ ಪೀಠಶಾಸನ ಹೇಳುತ್ತದೆ. ಇಲ್ಲಿ ವಿಹಾರವನ್ನು ಕಟ್ಟಿದವರು ನೀರನ್ನು ನೋಡಿಯೇ ಜಾಗವನ್ನು ಆರಿಸಿರಬೇಕೆಂಬುದು ನನ್ನ ಊಹೆ.

ಹಿಂದೊಮ್ಮೆ ಶಾಲೆಯ ಮಕ್ಕಳನ್ನು ಅಲ್ಲಿಗೆ ಕರೆದೊಯ್ದಾಗ ಒಬ್ಬ ಹುಡುಗ, “ಸರ್, ಗುಡ್ಡದ ಮೇಲೆ ಹೊಳೆಯಿಲ್ಲ. ಮತ್ತೆ ಈ ನೀರು ಎಲ್ಲಿಂದ ಬರುತ್ತದೆ?” ಎಂದು ಕೇಳಿದ. ನಾನು ಕನ್ನಡ ಪಂಡಿತ. ತೀರ್ಥದ ಕಥೆಯನ್ನು ಹೇಳಿದೆ. ಹುಡುಗ ಸುಮ್ಮನಾದ, ಒಪ್ಪಿದಂತೆ ಕಾಣಲಿಲ್ಲ.

ಅವನಿಗೆ ಬೇಕಾದ ಉತ್ತರ ಇನ್ನಷ್ಟು ಮೇಲೆ ಹತ್ತಿದ್ದರೆ ಸಿಗುತ್ತಿತ್ತು. ಪಾಂಡವರು ವನವಾಸದಲ್ಲಿ ತಂಗಿದ್ದರೆಂದು ಜನರು ಹೇಳುವ ಗುಹೆಗಳು ಅಲ್ಲಿವೆ. ಒಳಹೊಕ್ಕು ಗೋಡೆಯ ಮೇಲೆ ಕೈಯಾಡಿಸಿ ನೋಡಿ. ನಮ್ಮ ಮನೆಗಳ ಗೋಡೆಯಲ್ಲಿರುವ ಅದೇ ಮುರಕಲ್ಲು. ಜೇನುಹುಟ್ಟಿನಂತೆ ಮೈಯೆಲ್ಲ ತೂತು. ನೆಲದಲ್ಲಿದ್ದಾಗ ಮೆದು, ಗಾಳಿಗೆ ಬಿದ್ದರೆ ಗಟ್ಟಿ. ಫ್ರಾನ್ಸಿಸ್ ಬುಕಾನನ್ 1807ರಲ್ಲಿ ಇದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟದ್ದು ಇಟ್ಟಿಗೆ ಎಂಬರ್ಥದ ಲ್ಯಾಟಿನ್ ಮಾತಿನಿಂದ. ಮಳೆಗಾಲದ ನೀರನ್ನು ಗುಡ್ಡ ಕುಡಿಯುವುದು ಈ ತೂತುಗಳಿಂದಲೇ.

ಕುಡಿದ ನೀರು ಏನಾಗುತ್ತದೆಂದು ತಿಳಿಸಿದವನು ಬಾವಿ ತೋಡುವ ಒಬ್ಬ ಮುದುಕ. ನಮ್ಮ ಬಾವಿ ಮೊದಲೆಲ್ಲ ವೈಶಾಖದವರೆಗೂ ಇರುತ್ತಿತ್ತು. ಒಂದು ವರ್ಷ ಶಿವರಾತ್ರಿ ಕಳೆಯುತ್ತಲೇ ತಳ ಕಂಡಿತು. ಅವನು ಇಳಿದು ನೋಡಿ ಬಂದು, “ಮಾಷ್ಟ್ರೇ, ಕೆಳಗೆ ಶೇಡಿಮಣ್ಣು. ಮುರಕಲ್ಲಿನಿಂದ ಇಳಿದ ನೀರು ಅದನ್ನು ಸುಲಭವಾಗಿ ದಾಟಲಾರದು, ಅದರ ಮೇಲೆಯೇ ಅಡ್ಡಕ್ಕೆ ಹರಿದು ಎಲ್ಲಿ ಬಾಯಿ ಸಿಕ್ಕಿತೋ ಅಲ್ಲಿ ಒಸರುತ್ತದೆ. ಬಾವಿಯ ಒರತೆಯೂ ಅದೇ, ಕದ್ರಿಯ ತೀರ್ಥವೂ ಅದೇ,” ಎಂದ. ಆಮೇಲೆ ನಮ್ಮ ಅಂಗಳವನ್ನು ನೋಡಿದ. ಮಗಳ ಮದುವೆಗೆಂದು ಅದಕ್ಕೆ ಮೂಲೆಯಿಂದ ಮೂಲೆಗೆ ಸಿಮೆಂಟು ಹಾಕಿಸಿದ್ದವನು ನಾನೇ. “ಬಾವಿಯ ಬಾಯಿ ತೆರೆದಿದೆ, ಗುಡ್ಡದ ಬಾಯಿಯನ್ನು ಮುಚ್ಚಿದ್ದೀರಿ,” ಎಂದು ನಕ್ಕ.

ಒಂದು ಅಂಗಳದಿಂದಲೇ ಬಾವಿ ಬತ್ತಿತೆಂದು ನಾನು ವಾದಿಸಲಾರೆ. ಆದರೆ ನಮ್ಮ ಓಣಿಯಲ್ಲಿ ಮಣ್ಣು ಕಾಣುವ ಅಂಗಳ ಒಂದೂ ಉಳಿದಿರಲಿಲ್ಲ. ಮಂಗಳೂರಿಗೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಹೀಗೆ ಮುಚ್ಚಿದ ನೆಲದ ಮೇಲೆ ಬಿದ್ದದ್ದು ಚರಂಡಿ ಹಿಡಿದು ಸಮುದ್ರ ಸೇರುತ್ತದೆ. ಗೋಮುಖಕ್ಕೆ ಬೇಲಿ ಹಾಕಿ ಕಾದರೆ ಸಾಲದು. ತೀರ್ಥ ಹುಟ್ಟುವುದು ಮೇಲಿನ ಬಯಲಿನಲ್ಲಿ, ಮರದ ಬುಡದಲ್ಲಿ, ಅವರಿವರ ಹಿತ್ತಿಲಿನಲ್ಲಿ.

ಮನೆಯಾಕೆ ಕೆಸರಾಗುವುದೆಂದು ಗೊಣಗಿದರೂ ಅರ್ಧ ಅಂಗಳದ ಸಿಮೆಂಟನ್ನು ಒಡೆಸಿದೆ. ಮೊದಲ ಮಳೆಗೆ ನೀರು ಅಲ್ಲಿ ಗುಳ್ಳೆಯೆಬ್ಬಿಸುತ್ತ ಇಂಗುವುದನ್ನು ಇಬ್ಬರೂ ಜಗಲಿಯಲ್ಲಿ ಕುಳಿತು ನೋಡಿದೆವು.